ನಿಷ್ಪ್ರತೀಕಾರವೆಂಬ ಮಾತು

ಈ ವಿಷಯವನ್ನು ಶ್ರಾವಕ ಬಂಧುಗಳ ಮುಂದಿಡಲು ನನಗೆ ಸಂಕೋಚವಿದೆ. ದೇಹದ ಯಾವ ಭಾಗದ ಮಾತನ್ನು ನಾವು ಮನೆಯ ಜಗಲಿಯಲ್ಲಾಗಲಿ ಬಸದಿಯ ಕಟ್ಟೆಯ ಮೇಲಾಗಲಿ ಎತ್ತುವುದಿಲ್ಲವೋ ಆ ಭಾಗಕ್ಕೆ ಸೇರಿದ ಮಾತಿದು. ಆದರೆ ಮಾತನಾಡದೆ ಇದ್ದುದರ ಫಲವನ್ನು ನಮ್ಮ ಮನೆಯಲ್ಲಿ ಎರಡು ತಲೆಮಾರು ಉಂಡಿದ್ದೇವೆ. ಮೂರನೆಯದಕ್ಕೂ ಅದು ದಾಟಬಾರದೆಂದು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಬಿ.ಕಾಂ. ಪದವಿ, ಕಟ್ಟಾಯದಲ್ಲಿ ಒಂದು ಪಾತ್ರೆ ಅಂಗಡಿ, ಸಂಜೆಯ ಹೊತ್ತಿನ ಒಂದಿಷ್ಟು ಸ್ವಾಧ್ಯಾಯ, ಇಷ್ಟೇ ನನ್ನ ಬಂಡವಾಳ. ವೈದ್ಯಕೀಯದ ಸಂಗತಿಗಳನ್ನು ಬಲ್ಲವರಿಂದ ಕೇಳಿ, ಓದಿ, ತಾಳೆನೋಡಿ ಬರೆದಿದ್ದೇನೆ.

2023ರ ನವೆಂಬರ್ ತಿಂಗಳಲ್ಲಿ ಒಂದು ಬಸದಿಯ ಟ್ರಸ್ಟಿನವರು ಹಿರಿಯರಿಗಾಗಿ ಉಚಿತ ರಕ್ತಪರೀಕ್ಷೆಯ ಶಿಬಿರವನ್ನು ಏರ್ಪಡಿಸಿದ್ದರು. ಸಕ್ಕರೆ, ಕೊಬ್ಬು, ಮೂತ್ರಪಿಂಡ ಇವುಗಳ ಜೊತೆಗೆ ಪುರುಷರಿಗೆ ಪಿ.ಎಸ್.ಎ. ಎಂಬುದೊಂದು ಪರೀಕ್ಷೆಯೂ ಸೇರಿತ್ತು. ವಾರದ ಮೇಲೆ ಲಕೋಟೆ ಅಂಗಡಿಗೇ ಬಂದಿತು. ಉಳಿದೆಲ್ಲ ಅಂಕಿಗಳು ಸಾಧಾರಣ ಅಕ್ಷರದಲ್ಲಿದ್ದವು. ಒಂದು ಮಾತ್ರ ದಪ್ಪಕ್ಷರದಲ್ಲಿ: 4.9. ಅದರ ಪಕ್ಕದಲ್ಲಿ ಮೇಲ್ಮುಖವಾದ ಒಂದು ಬಾಣ. ಮಿತಿ 0ಯಿಂದ 4 ಎಂಬ ಸೂಚನೆ. ಅದರ ಅರ್ಥವೇನು, ಯಾರನ್ನು ಕೇಳಬೇಕು, ಎಷ್ಟು ದಿನಗಳೊಳಗೆ ಕೇಳಬೇಕು ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಂಗಡಿಯ ಹುಡುಗನ ಕೈಯಲ್ಲಿದ್ದ ಮೊಬೈಲಿನಲ್ಲಿ ಆ ಮೂರಕ್ಷರವನ್ನು ಹುಡುಕಿಸಿದೆ. ಕ್ಯಾನ್ಸರ್ ಎಂಬ ಪದ ಎರಡನೆಯ ಸಾಲಿನಲ್ಲೇ ಇತ್ತು. ಚೀಟಿಯನ್ನು ಮಡಿಸಿ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಗೆ ಹಾಕಿದೆ. ಸಂಜೆ ಅದನ್ನು ಮನೆಗೆ ತಂದು, ನಾನು ನಿತ್ಯ ಓದುವ ರತ್ನಕರಂಡಕ ಶ್ರಾವಕಾಚಾರದ ಪುಟಗಳ ನಡುವೆ ಇಟ್ಟೆ. ಆ ಗ್ರಂಥವನ್ನು ಮನೆಯಲ್ಲಿ ನನ್ನ ಹೊರತು ಯಾರೂ ಬಿಚ್ಚುವುದಿಲ್ಲವೆಂಬ ಧೈರ್ಯ.

ಅದಕ್ಕೆ ಎರಡು ವರ್ಷಗಳ ಹಿಂದಿನಿಂದಲೇ ರಾತ್ರಿ ಎರಡು ಮೂರು ಸಲ ಎದ್ದು ಹೋಗಬೇಕಾಗುತ್ತಿತ್ತು. ಸೂರ್ಯಾಸ್ತಕ್ಕೆ ಮೊದಲೇ ಊಟವನ್ನೂ ನೀರನ್ನೂ ಮುಗಿಸುವವನಿಗೆ ಹೀಗಾಗುವುದೇಕೆಂದು ಯೋಚಿಸಬಹುದಿತ್ತು. ಯೋಚಿಸಲಿಲ್ಲ, ವಯಸ್ಸಾಯಿತು ಅಂದುಕೊಂಡೆ. 2024ರ ಜೂನ್‌ನಲ್ಲಿ ಸರಕು ತರುವ ನೆಪ ಹೇಳಿ ಹಾಸನಕ್ಕೆ ಹೋಗಿ ಒಬ್ಬನೇ ರಕ್ತ ಕೊಟ್ಟು ಬಂದೆ. 6.3. ಡಿಸೆಂಬರಿನಲ್ಲಿ ಮತ್ತೆ ಹೋದೆ. 7.7. ಮೂರು ಚೀಟಿಗಳೂ ಗ್ರಂಥದೊಳಗೆ ಸೇರಿದವು. ಲೆಕ್ಕ ಓದಿದವನಾದ್ದರಿಂದ ಏರಿಕೆಯ ದರವನ್ನು ಮನಸ್ಸಿನಲ್ಲಿಯೇ ಕಟ್ಟಿ, ಇದೇ ಗತಿಯಲ್ಲಿ ಹೋದರೆ ಎಂದಿಗೆ ಎಷ್ಟಾಗುವುದೆಂದು ಗುಣಿಸುತ್ತ ಮಲಗುತ್ತಿದ್ದೆ. ವೈದ್ಯರ ಬಳಿಗೆ ಮಾತ್ರ ಹೋಗಲಿಲ್ಲ.

ಆ ಹದಿಮೂರು ತಿಂಗಳು ನಾನು ಮಾಡಿದ್ದೇನೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಶ್ರಾವಕಾಚಾರದಲ್ಲಿ ಸಲ್ಲೇಖನೆಯ ಪ್ರಕರಣವನ್ನು ಮತ್ತೆ ಮತ್ತೆ ಓದಿದೆ. ನನ್ನ ಅಂತ್ಯವೂ ತೀರ್ಥರೂಪರ ಅಂತ್ಯದಂತೆಯೇ ಆಗಲೆಂದು ಭಾವಿಸಿದೆ. ಅಂಗಡಿಯಲ್ಲಿ ಮಗನೊಡನೆ ಮಾತು ಕಡಿಮೆಯಾಯಿತು. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟೆ. ಬಂಧುಗಳು ನನ್ನನ್ನು ನೋಡಿ, ಇವರಿಗೆ ವೈರಾಗ್ಯ ಬಂದಿದೆ ಎಂದರು. ಕೇಳಿ ಸಂತೋಷವೂ ಆಯಿತು. ಅದು ವೈರಾಗ್ಯವಾಗಿರಲಿಲ್ಲ, ಹೆದರಿಕೆ.

ತೀರ್ಥರೂಪರ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ತಂದೆಯವರು 1991ರಲ್ಲಿ, ತಮ್ಮ 69ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲಿನಿಂದ ಸೊಂಟದ ನೋವು. ವಾತವೆಂದು ಎಣ್ಣೆ ನೀವಿದೆವು, ಕಷಾಯ ಕುಡಿಸಿದೆವು, ಒಮ್ಮೆ ಹಾಸನದಲ್ಲಿ ಎಕ್ಸ್‌ರೇ ತೆಗೆಸಿದೆವು. ಎಲುಬಿನಲ್ಲಿ ಕಲೆಗಳಿವೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿ ಎಂದು ಅಲ್ಲಿಯವರು ಹೇಳಿದ್ದರು. ತಂದೆಯವರು ಬೇಡವೆಂದರು. ನಾನೂ ಒತ್ತಾಯ ಮಾಡಲಿಲ್ಲ. ನನಗಾಗ 33 ವರ್ಷ, ಹಿತ್ತಾಳೆಯಿಂದ ಸ್ಟೀಲಿಗೆ ವ್ಯಾಪಾರ ತಿರುಗುತ್ತಿದ್ದ ಕಾಲ, ಸಾಲ ಮೈಮೇಲಿತ್ತು. ಕೊನೆಯ ತಿಂಗಳು ತಂದೆಯವರು ಒಂದೊಂದಾಗಿ ಅನ್ನ, ಹಾಲು, ಕಡೆಗೆ ನೀರನ್ನೂ ಬಿಟ್ಟರು. ಬಾಯಲ್ಲಿ ಣಮೋಕಾರ ನಡೆಯುತ್ತಿತ್ತು. ಸುತ್ತಲ ಊರುಗಳಿಂದ ಜನ ದರ್ಶನಕ್ಕೆ ಬಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಸಮಾಧಿಮರಣವೆಂದೇ ಹೆಸರಾಗಿದೆ. ವರ್ಷಾಂತ್ಯದ ಪೂಜೆಯ ಕರಪತ್ರದಲ್ಲಿ ಆ ಪದವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತ ಬಂದವನು ನಾನೇ.

2025ರ ಜನವರಿಯಲ್ಲಿ ಒಂದು ದಿನ ನಮ್ಮ ಮನೆಯವರು ಗ್ರಂಥಗಳ ಹಳೆಯ ವಸ್ತ್ರಗಳನ್ನು ಒಗೆಯಲು ಬಿಚ್ಚಿದರು. ಚೀಟಿಗಳು ಕೆಳಗೆ ಬಿದ್ದವು.

"ರೀ, ಇದೇನು ಮೂರು ಚೀಟಿ?"

"ಅಂಗಡಿ ಲೆಕ್ಕದ್ದು, ಇಡು."

"ಅಂಗಡಿ ಲೆಕ್ಕದ ಚೀಟಿಗೆ ನಿಮ್ಮ ಹೆಸರು, ವಯಸ್ಸು, ಗಂಡಸು ಅಂತ ಎಲ್ಲಾ ಹಾಕ್ತಾರಾ?"

ಸತ್ಯಾಣುವ್ರತ ಸ್ವೀಕರಿಸಿ ಇಪ್ಪತ್ತು ವರ್ಷವಾದ ಮನುಷ್ಯ, ವ್ರತವನ್ನು ಬೋಧಿಸುವ ಗ್ರಂಥದೊಳಗೇ ಸುಳ್ಳನ್ನು ಬಚ್ಚಿಟ್ಟಿದ್ದೆನಷ್ಟೆ. ಎಲ್ಲವನ್ನೂ ಹೇಳಿದೆ. ಆಕೆ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವನೋರೂ ಹೀಗೇ ರಾತ್ರಿಯೆಲ್ಲಾ ಏಳ್ತಿದ್ರು. ಸೊಂಟನೋವು ಶುರುವಾಗೋಕೆ ಮುಂಚೇನೇ" ಎಂದರು. ನಾನು ಬೆರಗಾದೆ. ಆಗ ಹೇಳಲಿಲ್ಲವೇಕೆಂದು ಕೇಳಿದೆ. "ಸೊಸೆ ಆದೋಳು ಮಾವನೋರ ಒಂದಕ್ಕೆ ಹೋಗೋ ವಿಷಯ ಯಾರ ಹತ್ರ ಹೇಳ್ಲಿ? ನೀವ್ಯಾರಾದ್ರೂ ಕೇಳಿದ್ರಾ?" ಯಾರೂ ಕೇಳಿರಲಿಲ್ಲ. ಹಗಲಿರುಳು ಶುಶ್ರೂಷೆ ಮಾಡಿದವರಿಗೆ ತಿಳಿದಿದ್ದ ಸಂಗತಿಯನ್ನು ವೈದ್ಯರ ಮುಂದೆ ಕುಳಿತಿದ್ದ ಗಂಡಸರು ಅರಿಯದೆ ಹೋದೆವು.

ಮರುವಾರವೇ ಬೆಂಗಳೂರಿನಲ್ಲಿ ಮೂತ್ರರೋಗ ತಜ್ಞರನ್ನು ಕಂಡೆವು. ನಾನು ಮೂರು ಚೀಟಿಗಳನ್ನು ಮುಂದಿಟ್ಟು ತೀರ್ಪಿಗಾಗಿ ಕಾದು ಕುಳಿತೆ. ಅವರು ತೀರ್ಪು ಕೊಡಲಿಲ್ಲ, ಪ್ರಶ್ನೆ ಕೇಳಿದರು. ಉರಿಮೂತ್ರ ಉಂಟೇ? ಜ್ವರ ಬಂದಿತ್ತೇ? ಪರೀಕ್ಷೆಯ ಹಿಂದಿನ ಎರಡು ದಿನ ದಾಂಪತ್ಯವೋ ಸೈಕಲ್ ಸವಾರಿಯೋ ಇತ್ತೇ? ಬೊಕ್ಕತಲೆಗೋ ಮೂತ್ರಕ್ಕೋ ಮಾತ್ರೆ ನುಂಗುತ್ತೀರಾ? ಮೂರು ಪರೀಕ್ಷೆಗಳೂ ಒಂದೇ ಕಡೆ ಆದವೇ? ತಂದೆ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಇತ್ತೇ? ಇವುಗಳಲ್ಲಿ ಪ್ರತಿಯೊಂದೂ ಆ ಅಂಕಿಯ ಅರ್ಥವನ್ನು ಬದಲಾಯಿಸಬಲ್ಲದು. ಅನೇಕಾಂತವನ್ನು ಸಿಕ್ಕ ಸಿಕ್ಕ ಕಡೆಗೆಲ್ಲ ಎಳೆತರುವುದು ನಮ್ಮ ಲೇಖಕರ ಒಂದು ಚಾಳಿ; ನಾನೂ ಅದಕ್ಕೆ ಹೊರತಲ್ಲ. ಆದರೆ ಒಂದು ನಯವನ್ನೇ ಪೂರ್ಣಸತ್ಯವೆಂದು ಹಿಡಿದು ಹದಿಮೂರು ತಿಂಗಳು ನಡುಗಿದವನಿಗೆ ಆ ಕೊಠಡಿಯಲ್ಲಿ ಬೇರೆ ಪದ ಹೊಳೆಯಲಿಲ್ಲ.

ಅವರಿಂದ ತಿಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡಿರುವ ಚಿಕ್ಕ ಗ್ರಂಥಿ. ವೀರ್ಯವನ್ನು ತೆಳುವಾಗಿಸಲು ಅದು ಸ್ರವಿಸುವ ಒಂದು ಪ್ರೋಟೀನೇ ಪಿ.ಎಸ್.ಎ. ಸ್ವಲ್ಪ ಭಾಗ ರಕ್ತಕ್ಕೆ ಸೋರುತ್ತದೆ. ಗ್ರಂಥಿ ವಯೋಧರ್ಮದಿಂದ ಬೆಳೆದರೂ, ಅದಕ್ಕೆ ಸೋಂಕು ತಗಲಿದರೂ, ಮೂತ್ರ ಕಟ್ಟಿದರೂ ಸೋರಿಕೆ ಹೆಚ್ಚುತ್ತದೆ. ಕ್ಯಾನ್ಸರ್ ಆದರೂ ಹೆಚ್ಚುತ್ತದೆ. ಅಂದರೆ ಇದು ಗ್ರಂಥಿಯ ಸಮಾಚಾರವೇ ಹೊರತು ಕ್ಯಾನ್ಸರಿನ ಸಮಾಚಾರವಲ್ಲ. ಅಮೆರಿಕದಲ್ಲಿ ಈ ಪರೀಕ್ಷೆಗೆ 1986ರಲ್ಲಿ ಅನುಮತಿ ದೊರೆತದ್ದು ರೋಗವಿದೆಯೆಂದು ಖಚಿತವಾದವರನ್ನು ಗಮನಿಸಲು ಮಾತ್ರ; ರೋಗವನ್ನು ಪತ್ತೆಹಚ್ಚಲು ನೆರವಾಗಿ ಬಳಸಬಹುದೆಂದು ಒಪ್ಪಿದ್ದು 1994ರಲ್ಲಿ. 4 ಎಂಬ ಗೆರೆಯೂ ಗೋಡೆಯಲ್ಲ. 4ರಿಂದ 10ರೊಳಗೆ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಾಣುತ್ತದೆ, ಮೂವರಿಗೆ ಇಲ್ಲ. ಇನ್ನೊಂದು ಕಡೆ, ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಅಂಕಿ 4ನ್ನು ಮೀರದವರಿಗೂ ಬಯಾಪ್ಸಿ ಮಾಡಿ ನೋಡಿದಾಗ ನೂರಕ್ಕೆ 15 ಮಂದಿಯಲ್ಲಿ ಕ್ಯಾನ್ಸರ್ ಕಂಡಿತೆಂದು 2004ರಲ್ಲಿ ಪ್ರಕಟವಾಯಿತು. ಗ್ರಂಥಿಯ ಪ್ರತಿಜನಕವೊಂದನ್ನು 1970ರಲ್ಲಿ ಗುರುತಿಸಿದ ರಿಚರ್ಡ್ ಆಬ್ಲಿನ್ ಅವರೇ 2010ರಲ್ಲಿ, ಎಲ್ಲರಿಗೂ ಸಾರಾಸಗಟಾಗಿ ಈ ಪರೀಕ್ಷೆ ಮಾಡುವುದು ತಪ್ಪೆಂದು ಪತ್ರಿಕೆಯಲ್ಲಿ ಬರೆದರು.

ಮಾತ್ರೆಯ ಪ್ರಶ್ನೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಊದಿದ ಗ್ರಂಥಿಯನ್ನು ಕುಗ್ಗಿಸಲು ಕೊಡುವ ಫಿನಾಸ್ಟೆರೈಡ್, ಡ್ಯೂಟಾಸ್ಟೆರೈಡ್ ಎಂಬ ಔಷಧಿಗಳು ಆರು ತಿಂಗಳಲ್ಲಿ ಪಿ.ಎಸ್.ಎ. ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತವೆ. ಅವುಗಳನ್ನು ಸೇವಿಸುವವರು ಅಂಕಿಯನ್ನು ಎರಡರಿಂದ ಗುಣಿಸಿಯೇ ಓದಬೇಕು. ನನ್ನ ಷಡ್ಡಕರೊಬ್ಬರು ವರ್ಷಗಳಿಂದ ಅಂಥ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಂಡು ನುಂಗುತ್ತಿದ್ದರು. 3.6 ಬಂದಾಗ ಮಿತಿಯೊಳಗಿದೆಯೆಂದು ಸಿಹಿ ಹಂಚಿದರು. ಅದು 7.2 ಎಂದು ಅವರಿಗೆ ಹೇಳುವವರಿರಲಿಲ್ಲ. ನಾನು ಹೆದರಿ ತಪ್ಪು ಓದಿದೆ, ಅವರು ಧೈರ್ಯದಿಂದ ತಪ್ಪು ಓದಿದರು.

ನನಗೆ ಸೋಂಕು ಇದ್ದುದು ಗೊತ್ತಾಗಿ ಅದಕ್ಕೆ ಔಷಧಿಯಾಯಿತು. ಆರು ವಾರಗಳ ಮೇಲೆ ಅಂಕಿ 7.1ಕ್ಕೆ ಇಳಿಯಿತು, ಸಮಾಧಾನವಾಗುವಷ್ಟು ಇಳಿಯಲಿಲ್ಲ. ಎಂ.ಆರ್.ಐ. ಚಿತ್ರದಲ್ಲಿ ಗ್ರಂಥಿ 48 ಮಿಲಿಲೀಟರ್ ಬೆಳೆದಿದ್ದುದು ತಿಳಿಯಿತು. ಅಂಕಿಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿ ನೋಡುವ ಒಂದು ಕ್ರಮವಿದೆ, 0.15ಕ್ಕಿಂತ ಕಡಿಮೆಯಿದ್ದರೆ ಅಷ್ಟರಮಟ್ಟಿಗೆ ಆತಂಕ ಕಡಿಮೆ. ವೈದ್ಯರು ಯಂತ್ರ ಒತ್ತುವ ಮೊದಲೇ ನಾನು ಬಾಯಿಲೆಕ್ಕದಲ್ಲಿ 0.148 ಎಂದೆ. ಅವರು ನಕ್ಕರು. ಗೆರೆಯ ಮೇಲೆಯೇ ನಿಂತಿದ್ದೆ. ಆದರೆ ಚಿತ್ರದಲ್ಲಿ ಐದರಲ್ಲಿ ನಾಲ್ಕನೆಯ ದರ್ಜೆಯ ಒಂದು ಕಲೆ ಇತ್ತು. ಬಯಾಪ್ಸಿ ಆಗಲೇಬೇಕಾಯಿತು.

ಬಯಾಪ್ಸಿಯ ಬಗ್ಗೆ ನಮ್ಮವರಲ್ಲಿ ಒಂದು ಮಾತಿದೆ, ಸೂಜಿ ತಾಗಿದರೆ ರೋಗ ಕೆರಳಿ ಹರಡುತ್ತದೆ ಎಂದು. ನನ್ನ ಹಿರಿಯಕ್ಕ ದೂರವಾಣಿಯಲ್ಲಿ ಇದನ್ನೇ ಹೇಳಿ ಅತ್ತರು. ಸೋಂಕಿನ ಅಪಾಯವುಂಟು, ರಕ್ತ ಕಾಣಿಸುವುದುಂಟು, ಅದಕ್ಕೆ ಮುಂಜಾಗ್ರತೆಯೂ ಉಂಟು; ಸೂಜಿಯಿಂದ ರೋಗ ಹರಡುವುದೆಂಬ ಭಯಕ್ಕೆ ಮಾತ್ರ ಹುರುಳಿಲ್ಲವೆಂದು ವೈದ್ಯರು ಹೇಳಿದರು. ಇನ್ನೊಂದು ಸಣ್ಣ ತೊಡಕು ನಮ್ಮಂಥವರಿಗೆ ಮಾತ್ರ ಬರುವಂಥದು. ಮೂತ್ರ ಸಲೀಸಾಗಲು ಕೊಟ್ಟ ಟ್ಯಾಮ್ಸುಲೋಸಿನ್ ಎಂಬ ಗುಳಿಗೆಯ ಹೊರಕವಚ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದದ್ದು. ಕೇಳಿದರೆ ಸಸ್ಯಮೂಲದ ಕವಚವುಳ್ಳ ಔಷಧಿಗಳೂ ಮಾತ್ರೆಗಳೂ ದೊರೆಯುವುದುಂಟು. ಕೇಳಬೇಕು, ಅಷ್ಟೆ. ರಾತ್ರಿ ಮಲಗುವ ಮುನ್ನವೇ ನುಂಗಬೇಕೆಂಬ ಕಟ್ಟಳೆಯೂ ಇರಲಿಲ್ಲ. ದಿನವೂ ಒಂದೇ ಊಟದ ಮೇಲೆ ತೆಗೆದುಕೊಂಡರಾಯಿತು ಎಂದರು. ಸಂಜೆ ಐದೂವರೆಯ ಊಟವಾದ ಮೇಲೆ ನುಂಗುತ್ತಿದ್ದೇನೆ. ವ್ರತಕ್ಕೂ ವೈದ್ಯಕ್ಕೂ ವೈರವೆಂದು ನಾವು ಮೊದಲೇ ತೀರ್ಮಾನಿಸಿ ವೈದ್ಯರ ಬಳಿ ಬಾಯಿ ಬಿಡದೆ ಇರುವುದರಿಂದಲೇ ಅನೇಕ ವೇಳೆ ಎರಡೂ ಕೆಡುತ್ತವೆ.

ಫಲಿತಾಂಶಕ್ಕೆ ಹೋದ ದಿನ ಮನೆಯವರು ಅಟ್ಟದ ಪೆಟ್ಟಿಗೆಯಲ್ಲಿದ್ದ ತಂದೆಯವರ ಎಕ್ಸ್‌ರೇ ಹಾಳೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ತಂದಿದ್ದರು. ನನಗೆ ಅದು ಇನ್ನೂ ಇದೆಯೆಂಬುದೇ ತಿಳಿದಿರಲಿಲ್ಲ. ವೈದ್ಯರು ಮೊದಲು ನನ್ನ ವರದಿ ಹೇಳಿದರು. ತೆಗೆದ ಎಳೆಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇದೆ. ಗ್ಲೀಸನ್ ಎಂಬ ಅಳತೆಯಲ್ಲಿ 6, ಅಂದರೆ ಅತ್ಯಂತ ಕೆಳಗಿನ ದರ್ಜೆ, ಮೆಲ್ಲಗೆ ನಡೆಯುವ ಜಾತಿ. ಆಮೇಲೆ ಆ ಹಳೆಯ ಹಾಳೆಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಸೊಂಟದ ಮೂಳೆಗಳಲ್ಲಿಯೂ ಬೆನ್ನುಹುರಿಯ ಕೆಳಗಿನ ಮಣಿಗಳಲ್ಲಿಯೂ ಹತ್ತಿಯ ಉಂಡೆಗಳಂತೆ ಬಿಳಿಯ ಕಲೆಗಳು. ಒಂದು ಹಾಳೆಯಿಂದ ಖಚಿತವಾಗಿ ಹೇಳಲಾಗದು, ಆದರೆ ಈ ವಯಸ್ಸಿನ ಪುರುಷರಲ್ಲಿ ಎಲುಬು ಹೀಗೆ ಬೆಳ್ಳಗೆ ಗಟ್ಟಿಯಾಗಿ ಕಂಡರೆ ಮೊದಲು ನೆನೆಯುವುದು ಪ್ರಾಸ್ಟೇಟ್ ಕ್ಯಾನ್ಸರನ್ನೇ ಎಂದರು.

"ಆಗ ಏನಾದರೂ ಉಪಾಯವಿತ್ತೇ?" ಎಂದು ಕೇಳಿದೆ. ಇಲ್ಲವೆನ್ನಲಿ ಎಂದು ಮನಸ್ಸು ಬೇಡುತ್ತಿತ್ತು.

ಇತ್ತು ಎಂದರು. ಈ ರೋಗ ಪುರುಷ ಹಾರ್ಮೋನಿನ ಬಲದಿಂದ ಬೆಳೆಯುವುದೆಂದೂ, ವೃಷಣಗಳನ್ನು ತೆಗೆದರೆ ಕುಗ್ಗುವುದೆಂದೂ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲಿಯೇ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅದು ಜಿಲ್ಲಾ ಮಟ್ಟದ ಶಸ್ತ್ರವೈದ್ಯರೂ ಮಾಡಬಲ್ಲ ಸರಳ ಶಸ್ತ್ರಕ್ರಿಯೆ; ಎಷ್ಟೋ ರೋಗಿಗಳ ಎಲುಬಿನ ನೋವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಿಂದಲೇ ಇತ್ತು. ತಂದೆಯವರು ನರಳುತ್ತಿದ್ದಾಗ ಅದಕ್ಕೆ ಹದಿನೆಂಟು ವರ್ಷ. ಹಾಸನದಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ತಂದೆಯವರು ಗುಣವಾಗುತ್ತಿದ್ದರೆಂದು ನಾನು ಹೇಳಲಾರೆ, ಎಲುಬಿಗೆ ಇಳಿದ ಮೇಲೆ ಅದು ಸಾಧ್ಯವಿರಲಿಲ್ಲ. ನೋವಿಲ್ಲದ ಒಂದೆರಡು ವರ್ಷ ದೊರೆಯುತ್ತಿತ್ತೇನೋ. ಮೊಮ್ಮಗನ ಉಪನಯನ ಸಂಸ್ಕಾರವನ್ನು ನೋಡುವ ಆಸೆ ಅವರಿಗಿತ್ತು.

ಊರಿಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಪದ ಮನಸ್ಸನ್ನು ಕೊರೆಯುತ್ತಿತ್ತು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನೆಯೆಂದು ಸಮಂತಭದ್ರಾಚಾರ್ಯರು ವಿಧಿಸುವಾಗ ಒಂದು ನಿಬಂಧನೆಯನ್ನು ಇಟ್ಟಿದ್ದಾರೆ: ಅದು ನಿಷ್ಪ್ರತೀಕಾರವಾಗಿರಬೇಕು, ಪರಿಹಾರವಿಲ್ಲದ್ದಾಗಿರಬೇಕು. ಆ ಶ್ಲೋಕವನ್ನು ಸಾವಿರ ಸಲ ಓದಿದ್ದೆ. ಪರಿಹಾರವಿಲ್ಲವೆಂದು ತಿಳಿಯುವುದು ಹೇಗೆ? ಕೇಳದೆ ತಿಳಿಯುವುದಿಲ್ಲ. ನಾವು ತಂದೆಯವರ ವಿಷಯದಲ್ಲಿ ಕೇಳಿರಲಿಲ್ಲ. ನನ್ನ ವಿಷಯದಲ್ಲಿ ನಾನೂ ಕೇಳದೆ, ಚೀಟಿಗಳನ್ನು ಆ ಶ್ಲೋಕದ ಪಕ್ಕದಲ್ಲೇ ಮುಚ್ಚಿಟ್ಟಿದ್ದೆ. ಅದೇ ಆಚಾರ್ಯರು ಎಣಿಸುವ ಐದು ಅತಿಚಾರಗಳಲ್ಲಿ ಬದುಕುವ ಆಸೆಯೊಡನೆ ಸಾಯುವ ಆಸೆಯೂ ಸೇರಿದೆ, ಭಯವೂ ಸೇರಿದೆ. ನನ್ನ ಹದಿಮೂರು ತಿಂಗಳ ವೈರಾಗ್ಯದಲ್ಲಿ ಈ ಎರಡು ಬಿಟ್ಟರೆ ಮೂರನೆಯದಿರಲಿಲ್ಲ.

ಸ್ವತಃ ಆಚಾರ್ಯರ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಅವರಿಗೆ ಭಸ್ಮಕವೆಂಬ ವ್ಯಾಧಿ ತಗಲಿತು, ಎಷ್ಟು ಉಂಡರೂ ತೀರದ ಹಸಿವು. ಮುನಿಚರ್ಯೆಯಲ್ಲಿ ಅದನ್ನು ತಣಿಸುವುದು ಸಾಧ್ಯವಿಲ್ಲದೆ ಗುರುಗಳ ಬಳಿ ಸಲ್ಲೇಖನೆಯ ಅನುಜ್ಞೆ ಬೇಡಿದರು. ಗುರುಗಳು ಕೊಡಲಿಲ್ಲ. ದೀಕ್ಷೆಯನ್ನು ಬಿಟ್ಟಾದರೂ ರೋಗವನ್ನು ಕಳೆದುಕೊಂಡು ಬಾ, ಆಮೇಲೆ ಮರಳಿ ದೀಕ್ಷೆ ತೊಡು ಎಂದರು. ಅವರು ಹಾಗೆಯೇ ಮಾಡಿದರು. ಸ್ವಯಂಭೂಸ್ತೋತ್ರದ ಹುಟ್ಟಿಗೂ ಈ ಕಥೆಗೂ ಇರುವ ನಂಟನ್ನು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ; ಪವಾಡದ ಭಾಗ ಬಂದಾಗ ಕಿವಿ ನಿಮಿರುತ್ತದೆ, ಗುರುಗಳು ಬೇಡವೆಂದ ಭಾಗ ಹಾಗೆಯೇ ದಾಟಿಹೋಗುತ್ತದೆ. ನಿಷ್ಪ್ರತೀಕಾರವೆಂಬ ನಿಬಂಧನೆಯನ್ನು ಬರೆದವರು, ಒಮ್ಮೆ ಅದೇ ಕಾರಣದಿಂದ ಅನುಜ್ಞೆ ನಿರಾಕರಿಸಲ್ಪಟ್ಟವರು.

ಇದನ್ನು ಬರೆಯುವುದರಿಂದ ಸಲ್ಲೇಖನೆಯ ಮಹತ್ವಕ್ಕೆ ಕುಂದು ತರುವೆನೆಂದು ಯಾರೂ ತಿಳಿಯಬಾರದು. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ನಡೆದಾಡಿ ಬೆಳೆದವನು ನಾನು. ಅಲ್ಲಿ ಕ್ರಿ.ಶ. 982ರಲ್ಲಿ ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ಇಂದ್ರರಾಜನು ದೇಹ ಬಿಟ್ಟದ್ದನ್ನು ಶಾಸನ ಹೇಳುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮನೆಂದಾಗ ನಾವೆಲ್ಲ ಮೌನ ಮೆರವಣಿಗೆ ಹೋದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಅಂದು ನಾವು ಲೋಕದ ಮುಂದೆ ಹೇಳಿಕೊಂಡದ್ದೇನು? ಇದು ಹತಾಶೆಯ ಸಾವಲ್ಲ, ಪರಿಹಾರವಿಲ್ಲದಾಗ ಮಾತ್ರ ಗುರುಗಳ ಅನುಜ್ಞೆಯೊಡನೆ ಸ್ವೀಕರಿಸುವ ವ್ರತ ಎಂದಲ್ಲವೇ? ನ್ಯಾಯಾಲಯದಲ್ಲಿ ಮುಂದಿಟ್ಟ ನಿಬಂಧನೆ ನಮ್ಮ ಮನೆಗಳಲ್ಲಿಯೂ ಜಾರಿಯಲ್ಲಿರಬೇಕು.

ತಂದೆಯವರ ಕೊನೆಯ ದಿನಗಳ ಪರಿಣಾಮಗಳು ಶಾಂತವಾಗಿದ್ದವು. ಅದನ್ನು ಕಣ್ಣಾರೆ ಕಂಡಿದ್ದೇನೆ, ಸಂದೇಹವಿಲ್ಲ. ನನ್ನ ಸಂದೇಹವೆಲ್ಲ ನಮ್ಮ ಮೇಲೆ. ಅವರ ಸಮಾಧಾನವನ್ನು ನಮ್ಮ ಆಲಸ್ಯಕ್ಕೆ ಹೊದಿಕೆ ಮಾಡಿಕೊಂಡೆವು. ಈ ವರ್ಷದ ಕರಪತ್ರದಲ್ಲಿ ಆ ಪದವನ್ನು ಬಿಟ್ಟು, ಸ್ವರ್ಗಸ್ಥರಾದ ಎಂದಷ್ಟೇ ಹಾಕಿಸಿದೆ. ತಮ್ಮಂದಿರಿಬ್ಬರೂ ಮುನಿಸಿಕೊಂಡರು. ಒಬ್ಬ ಪೂಜೆಗೂ ಬರಲಿಲ್ಲ. ನಾನು ಹಟ ಹಿಡಿದದ್ದಕ್ಕೆ ಪದದ ಶುದ್ಧಿಯೊಂದೇ ಕಾರಣವಲ್ಲ. ತಂದೆಗಾಗಲಿ ಸಹೋದರನಿಗಾಗಲಿ ಈ ರೋಗವಿದ್ದರೆ ಆ ಪುರುಷನಿಗೆ ಇದರ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಂಥವರು ಉಳಿದವರಿಗಿಂತ ಮೊದಲೇ, ನಲವತ್ತರ ವಯಸ್ಸಿನಲ್ಲಿಯೇ ವೈದ್ಯರೊಡನೆ ಮಾತನಾಡಬೇಕು. ಸಮಾಧಿಮರಣವೆಂಬ ಒಂದು ಪದದ ಹಿಂದೆ ನಾವು ನಾಲ್ವರು ಗಂಡುಮಕ್ಕಳಿಗೆ ಸೇರಬೇಕಾದ ಈ ಸಮಾಚಾರವನ್ನು ಮುಚ್ಚಿಟ್ಟಿದ್ದೆವು. ವಾರಸುದಾರರಿಗೆ ಸಾಲದ ವಿಷಯ ಹೇಳದೆ ಆಸ್ತಿಯನ್ನಷ್ಟೇ ಬರೆದುಕೊಟ್ಟಂತೆ ಇದು.

ನನ್ನ ಚಿಕಿತ್ಸೆಯ ವಿಷಯ. ಮಗ ಶಸ್ತ್ರಕ್ರಿಯೆ ಮಾಡಿಸಿ ಮುಗಿಸಿಬಿಡೋಣ ಎಂದ. 2025ರ ಮೇ 18ರಂದು, ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರಿಗೆ 82ನೆಯ ವಯಸ್ಸಿನಲ್ಲಿ ಗ್ಲೀಸನ್ 9ರ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಹರಡಿದೆಯೆಂಬ ಸುದ್ದಿ ಬಂದಾಗ ಅವನ ಒತ್ತಾಯ ಇನ್ನೂ ಹೆಚ್ಚಿತು. ವೈದ್ಯರು ಅವನಿಗೆ ಬ್ರಿಟನ್ನಿನ ಒಂದು ಅಧ್ಯಯನದ ಅಂಕಿಗಳನ್ನು ತೋರಿಸಿದರು. ಗ್ರಂಥಿಯೊಳಗೇ ಉಳಿದಿದ್ದ ಕ್ಯಾನ್ಸರಿನ 1,643 ಪುರುಷರನ್ನು ಮೂರು ಗುಂಪು ಮಾಡಿ ಒಂದಕ್ಕೆ ಶಸ್ತ್ರಕ್ರಿಯೆ, ಒಂದಕ್ಕೆ ವಿಕಿರಣ, ಒಂದಕ್ಕೆ ಬರಿಯ ನಿಗಾ. 15 ವರ್ಷಗಳ ನಂತರ, 2023ರಲ್ಲಿ ಫಲಿತಾಂಶ ಪ್ರಕಟವಾದಾಗ ಈ ರೋಗದಿಂದ ಸತ್ತವರು ಒಟ್ಟು 45 ಮಂದಿ, ಶೇಕಡ 2.7, ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮ. ಹಾಗೆಂದು ನಿಗಾ ಎಂದರೆ ಪುಕ್ಕಟೆಯಲ್ಲ. ಆ ಗುಂಪಿನಲ್ಲಿ ರೋಗ ಹರಡಿದವರು ಶೇಕಡ 9.4, ಉಳಿದೆರಡರಲ್ಲಿ 5ರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ರಮೇಣ ಚಿಕಿತ್ಸೆಗೆ ಬಂದರು. ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಮೂತ್ರ ಸೋರುವ ಕಷ್ಟ ಹೆಚ್ಚು. ಎರಡೂ ಕಡೆಯ ಜಮಾ ಖರ್ಚು ನೋಡಿ, ನನ್ನಂಥ ಕೆಳದರ್ಜೆಯ ರೋಗಕ್ಕೆ ನಿಗಾ ಸಾಕೆಂದು ನಿಶ್ಚಯಿಸಿದೆವು. ಆರು ತಿಂಗಳಿಗೊಮ್ಮೆ ರಕ್ತ, ಕಾಲಕಾಲಕ್ಕೆ ಎಂ.ಆರ್.ಐ., ಮತ್ತೆ ಬಯಾಪ್ಸಿ. ಮೊದಲು ನಾನು ಚೀಟಿ ಬಚ್ಚಿಟ್ಟು ಸುಮ್ಮನಿದ್ದುದಕ್ಕೂ ಈಗ ಸುಮ್ಮನಿರುವುದಕ್ಕೂ ಹೊರನೋಟಕ್ಕೆ ಭೇದ ಕಾಣದು, ಮೊದಲಿನದು ಪ್ರಮಾದ.

ಟ್ರಸ್ಟುಗಳಲ್ಲಿರುವ ಹಿರಿಯರಲ್ಲಿ ಒಂದು ವಿನಂತಿ ಮಾಡಿ ಮುಗಿಸುತ್ತೇನೆ. ಔಷಧದಾನವೂ ಅಭಯದಾನವೂ ನಮ್ಮ ಚತುರ್ವಿಧ ದಾನಗಳಲ್ಲಿಯೇ ಸೇರಿವೆ. ಶಿಬಿರ ನಡೆಸಿ, ಅಂಕಿಯನ್ನು ಲಕೋಟೆಯಲ್ಲಿ ಕಳಿಸಿ ಕೈತೊಳೆದುಕೊಂಡರೆ ದಾನವಾದದ್ದು ಅಭಯವಲ್ಲ, ಭಯ. ಈ ಪರೀಕ್ಷೆಯನ್ನು ಮಾಡಿಸುವುದಾದರೆ ಮೊದಲೇ ಅದರ ಗುಣದೋಷಗಳನ್ನು ತಿಳಿಸಿ ಒಪ್ಪಿಗೆ ಪಡೆಯಿರಿ. ಅಮೆರಿಕದ ತಜ್ಞರ ಮಂಡಳಿಯೊಂದು 2018ರಲ್ಲಿ, 55ರಿಂದ 69ರವರೆಗಿನವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಬೇಕೆಂದೂ 70 ದಾಟಿದವರಿಗೆ ಈ ತಪಾಸಣೆ ಬೇಡವೆಂದೂ ಹೇಳಿತು. ನಮ್ಮ ಶಿಬಿರದಲ್ಲಿ 84 ವರ್ಷದವರಿಂದಲೂ ರಕ್ತ ತೆಗೆದಿದ್ದರು. ಲಕೋಟೆ ಕೊಡುವ ದಿನ ಒಬ್ಬ ವೈದ್ಯರನ್ನು ಬಸದಿಯ ಕೊಠಡಿಯಲ್ಲಿ ಕೂರಿಸಿ, ಬಂದವರು ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡು ಮಾತನಾಡುವಂತಾಗಲಿ. ಸಾಧ್ಯವಾದರೆ ಹೆಂಗಸರನ್ನೂ ಒಳಗೆ ಬಿಡಿ. ಬ್ರಿಟನ್ನಿನ ಅರಸು ಚಾರ್ಲ್ಸ್ ಅವರು 2024ರ ಜನವರಿಯಲ್ಲಿ ತಮ್ಮ ಪ್ರಾಸ್ಟೇಟ್ ಊದಿದೆಯೆಂದು ಪ್ರಜೆಗಳಿಗೆಲ್ಲ ತಿಳಿಸಿದರು. ಅರಮನೆಯವರಿಗಿಲ್ಲದ ಸಂಕೋಚ ಕಟ್ಟಾಯದ ಪಾತ್ರೆ ವ್ಯಾಪಾರಿಗೇಕೆ ಎಂದು ನನ್ನ ಮೊಮ್ಮಗಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಪೂಜೆಗೆ ಬಾರದಿದ್ದ ತಮ್ಮ ಕಳೆದ ತಿಂಗಳು ಅಂಗಡಿಗೆ ಬಂದಿದ್ದ. ಕರಪತ್ರದ ಮಾತೆತ್ತಲಿಲ್ಲ. ಎರಡು ಕೊಳಗದ ಬೆಲೆ ಕೇಳಿದ, ಕೊಳ್ಳಲಿಲ್ಲ. ಹೊರಡುವಾಗ ಜೇಬಿನಿಂದ ಒಂದು ಮಡಿಸಿದ ಚೀಟಿ ತೆಗೆದು ಗಲ್ಲಾದ ಮೇಲಿಟ್ಟು, "ಇದು ಹೆಚ್ಚಾ, ಕಮ್ಮೀನಾ ನೋಡಿ ಹೇಳಣ್ಣಾ" ಎಂದ. 2.1 ಇತ್ತು. ಯಾವುದಾದರೂ ಮಾತ್ರೆ ನುಂಗುತ್ತೀಯಾ ಎಂದು ಮೊದಲು ಕೇಳಿದೆ.

ನನ್ನ ಅಂಕಿಗಳನ್ನೆಲ್ಲ ಈಗ ಒಂದು ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ಬರೆದಿಡುತ್ತೇವೆ. ಅದು ದೇವರಕೋಣೆಯ ಕಪಾಟಿನಲ್ಲಿಲ್ಲ, ನಡುಮನೆಯ ಮೇಜಿನ ಮೇಲೆ ಎಲ್ಲರ ಕೈಗೆ ಸಿಗುವಂತಿದೆ. ಬರೆಯುವವರು ಮನೆಯವರೇ. ಮೊನ್ನೆಯದು 7.4 ಎಂದು ಬರೆದು, ಅದರ ಮುಂದೆ ಮುಂದಿನ ಪರೀಕ್ಷೆಯ ತಾರೀಖು ಹಾಕಿ, ಪುಸ್ತಕವನ್ನು ಮಗನ ಕಡೆಗೆ ತಳ್ಳಿದರು.